ಸಾರಥಿಯಿಲ್ಲದ ಆಟ

ವಿಜಯಪುರ ಜಿಲ್ಲೆಯ ತಿಕೋಟಾದ ಹೊರಗೆ ಒಂದು ಒಣದ್ರಾಕ್ಷಿ ಶೆಡ್ಡು. ಮಧ್ಯಾಹ್ನದ ಬುತ್ತಿ ಮುಗಿದಿದೆ. ದ್ರಾಕ್ಷಿಯೊಳಗಿನ ಕಡ್ಡಿ ಆರಿಸುವ ಹೆಣ್ಣುಮಕ್ಕಳು ಪ್ಲಾಸ್ಟಿಕ್ ಕ್ರೇಟಿಗೆ ಆನಿಸಿಟ್ಟ ಮೊಬೈಲಿನ ಮುಂದೆ ಕುಂತಿದ್ದಾರೆ. ಪರದೆಯಲ್ಲಿ ದೊಡ್ಡದೊಂದು ಬಂಗಲೆ. ಸೊಸೆ ಮೊಣಕಾಲೂರಿ ನೆಲ ಒರೆಸುತ್ತಿದ್ದಾಳೆ. ಎತ್ತರದ ಹಿಮ್ಮಡಿಯ ಚಪ್ಪಲಿಯೊಂದು ಬಂದು ಅವಳ ಬೆರಳಿನ ಪಕ್ಕ ನಿಲ್ಲುತ್ತದೆ. ಹಾಕಿಕೊಂಡವಳ ಮುಖ ಇನ್ನೂ ಕಂಡಿಲ್ಲ. "ತುಳೀತಾಳ ನೋಡಬೇ ಈಗ" ಅಂದಳು ಒಬ್ಬಾಕೆ. ತುಳಿದಳು. ಉಳಿದವರು ತುಟಿ ಕಚ್ಚಿಕೊಂಡರು. ಒಂದೂವರೆ ನಿಮಿಷಕ್ಕೆ ಕಂತು ಮುಗಿಯಿತು. ಬೆರಳಿನಿಂದ ಮೇಲಕ್ಕೆ ಸರಿಸಿದ ಕೂಡಲೇ ಮುಂದಿನದು ಬಂತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ "ತುಳೀತಾಳ" ಎಂಬ ಮಾತು. ಪಾತ್ರಗಳು ಬಾಯಿ ತೆರೆಯುವ ಮೊದಲೇ, ಯಾರ ಕೈ ಮೇಲೆ, ಯಾರ ಕೈ ಕೆಳಗೆ ಎಂಬುದನ್ನು ಆಕೆ ಚಿತ್ರದಿಂದಲೇ ಓದಿದ್ದಳು. ಈ ಓದನ್ನು ಆಕೆಗೆ ಯಾವ ಸಿನಿಮಾ ಶಾಲೆಯೂ ಕಲಿಸಿಲ್ಲ. ಬದುಕು ಕಲಿಸಿದೆ. ನಮ್ಮ ಕಡೆಯ ಹಳೆಯ ಊರುಗಳಲ್ಲಿ ಯಜಮಾನಿಕೆ ಎಂಬುದು ಯಾವಾಗಲೂ ಕಣ್ಣಿಗೆ ಬೀಳುವಂತೆಯೇ ಇತ್ತು. ವಾಡೆಯ ಕಟ್ಟೆ ಎಷ್ಟು ಎತ್ತರ, ಅದರ ಮೇಲೆ ಕಂಬಳಿ ಹಾಸಿದ್ದು ಯಾರಿಗೆ, ಕೆಳಗೆ ಕುಕ್ಕರಗಾಲಲ್ಲಿ ಕುಂತವರು ಯಾರು, ಆ ಓಣಿ ಬಂದೊಡನೆ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದವರು ಯಾರು ಎಂದು ನೋಡಿದರೆ ಸಾಕಿತ್ತು. ಊರಿನ ಇಡೀ ಲೆಕ್ಕ ಆ ನೋಟದಲ್ಲಿತ್ತು. ಹಾಗಾಗಿ ಅಧಿಕಾರವನ್ನು ಚಿತ್ರವಾಗಿ ತೋರಿಸುವ ಕಲೆಗೆ ನಮ್ಮ ಜನರಿಗಿಂತ ಒಳ್ಳೆಯ ಪ್ರೇಕ್ಷಕರಿಲ್ಲ. ಆ ಪ್ರೇಕ್ಷಕರಿಗೆ ಇವತ್ತಿನ ಗಿಡ್ಡ ನಾಟಕಗಳು ಏನು ಕೊಡುತ್ತಿವೆ, ಈ ನೆಲದ ಹಳೆಯ ಆಟಗಳು ಏನು ಕೊಟ್ಟಿದ್ದವು ಎಂದು ಎರಡನ್ನೂ ಪಕ್ಕಪಕ್ಕ ಇಟ್ಟು ತೂಗಬೇಕು ಅನ್ನಿಸಿತು.

ಮೊಬೈಲಿನ ಈ ನಾಟಕಗಳ ತವರು ಚೀನಾ. ಅಲ್ಲಿ ಇವಕ್ಕೆ 'ದುವಾನ್‌ಜು' ಎನ್ನುತ್ತಾರೆ, ಗಿಡ್ಡ ನಾಟಕ ಎಂದೇ ಅರ್ಥ. ಒಂದೆರಡು ನಿಮಿಷದ ಕಂತು, ಅಂಥ ಐವತ್ತರಿಂದ ನೂರು ಕಂತು, ಕೈಯಲ್ಲಿ ಹಿಡಿದ ಫೋನಿನ ಹಾಗೆ ಉದ್ದಕ್ಕೆ ನಿಂತ ಚೌಕಟ್ಟು. 2024ರಲ್ಲಿ ಚೀನಾದೊಳಗೆ ಇವುಗಳ ವಹಿವಾಟು ಅಲ್ಲಿನ ಚಿತ್ರಮಂದಿರಗಳ ಗಳಿಕೆಯನ್ನೇ ಮೀರಿತು. ಈಗ ಭಾರತದ ಭಾಷೆಗಳಲ್ಲೂ ಇವು ತಯಾರಾಗುತ್ತಿವೆ, ಡಬ್ ಆಗಿ ಕನ್ನಡ ಮಾತಾಡುತ್ತಲೂ ಬರುತ್ತಿವೆ. ಕತೆ ಬಹುತೇಕ ಒಂದೇ. ಎಲ್ಲರೂ ತುಳಿದ ಸೊಸೆಯೋ, ಎಲ್ಲರೂ ನಕ್ಕ ಕಾವಲುಗಾರನೋ ಕೊನೆಗೆ ಕೋಟ್ಯಧಿಪತಿ ಎಂದು ಗೊತ್ತಾಗುತ್ತದೆ. ತುಳಿದವರು ಮೊಣಕಾಲೂರುತ್ತಾರೆ.

ಇವುಗಳನ್ನು ಕಸ ಎಂದು ತಳ್ಳಿಹಾಕುವ ವಿದ್ಯಾವಂತರ ಜೊತೆ ನಾನು ಸೇರಲಾರೆ. ಇವುಗಳ ಕಸುಬಿನಲ್ಲಿ ಒಂದು ಚೊಕ್ಕತನವಿದೆ. ತೊಂಬತ್ತು ಸೆಕೆಂಡಿನಲ್ಲಿ ಒಬ್ಬ ಮನುಷ್ಯ ಎಷ್ಟು ದೊಡ್ಡವನು ಎಂದು ನಂಬಿಸಬೇಕಾದರೆ ಮಾತು ಆಡಿಸುತ್ತ ಕುಂತರೆ ಆಗುವುದಿಲ್ಲ. ಅದಕ್ಕೇ ಇವು ಕೆಲವೇ ಚಿತ್ರಗಳನ್ನು ಹದ ಮಾಡಿಟ್ಟುಕೊಂಡಿವೆ. ಕಾರಿನ ಬಾಗಿಲು ತೆರೆಯುತ್ತದೆ, ಮೊದಲು ಬೂಟು ಕಾಣುತ್ತದೆ. ಕ್ಯಾಮೆರಾ ನೆಲದ ಹತ್ತಿರ ಕುಂತು ಮೇಲಕ್ಕೆ ನೋಡುತ್ತದೆ, ಬಂದವನು ಗೋಪುರದ ಹಾಗೆ ಬೆಳೆಯುತ್ತಾನೆ. ಅವನ ಹಿಂದೆ ಕರಿ ಕೋಟಿನವರ ಎರಡು ಸಾಲು. ಗದ್ದಲ ಒಮ್ಮೆಲೇ ನಿಲ್ಲುತ್ತದೆ. ಆಮೇಲೆ ಅವಮಾನ ಮಾಡಿದವರ ಮುಖಗಳು ಒಂದೊಂದಾಗಿ ಹತ್ತಿರದಿಂದ ಕಾಣುತ್ತವೆ. ಒಬ್ಬಳ ಕೈಯಿಂದ ಗ್ಲಾಸು ಜಾರುತ್ತದೆ. ಈ ಗ್ಲಾಸು ಜಾರುವುದೇ ಇಡೀ ಕಂತಿನ ಜೀವಾಳ. ಬಂದವನ ಗತ್ತು ಅಳೆಯುವ ಕೋಲು ಅವನ ಕೋಟಿನಲ್ಲಿಲ್ಲ, ಎದುರು ನಿಂತವಳ ನಡುಗುವ ಕೈಯಲ್ಲಿದೆ.

ನಾಟಕದ ಮೂಲ ಪಾಠವೇ ಇದು. ಅರಸನನ್ನು ಅರಸನನ್ನಾಗಿ ಮಾಡುವವರು ಉಳಿದ ಪಾತ್ರಧಾರಿಗಳು. ನಾಲ್ವರು ಬಾಗಿದರೆ ಐದನೆಯವನು ದೊರೆ. ಅವರು ಬಾಗದಿದ್ದರೆ ಎಷ್ಟು ಚಿನ್ನದ ಕಾಗದ ಅಂಟಿಸಿದರೂ ಕಿರೀಟ ರಟ್ಟೇ. ಈ ಪಾಠವನ್ನು ಮೊಬೈಲಿನ ನಾಟಕ ಅರ್ಧ ಕಲಿತಿದೆ. ಉಳಿದರ್ಧ ಏನು ಎಂದು ತಿಳಿಯಲು ನಮ್ಮೂರಿನ ಅಟ್ಟದ, ಎಂದರೆ ಬಯಲಾಟದ ರಂಗದ, ಕಡೆಗೆ ತಿರುಗಬೇಕು.

ಅಟ್ಟಕ್ಕೆ ಹೋಗುವ ಮುನ್ನ ವಿಜಯಪುರದ ಷೇರ್ಜಾ ಬುರ್ಜಿನ ಮೆಟ್ಟಿಲು ಹತ್ತೋಣ. 1549ರಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪು ಅಲ್ಲಿದೆ. ಸುಮಾರು 55 ಟನ್ ತೂಕ. ಅದರ ಬಾಯಿಯನ್ನು ಸಿಂಹದ ಬಾಯಿಯಾಗಿ ಕಡೆದಿದ್ದಾರೆ. ಆ ಬಾಯೊಳಗೆ, ಹಲ್ಲುಗಳ ನಡುವೆ, ಒಂದು ಆನೆ ಸಿಕ್ಕಿಬಿದ್ದಿದೆ. ನೋಡುವವರು ಮೊದಲು ಸಿಂಹ ನೋಡುತ್ತಾರೆ, ಆಮೇಲೆ ಆನೆ ಕಾಣುತ್ತದೆ. ಆನೆ ಕಂಡ ಮೇಲೆಯೇ ಸಿಂಹ ಎಷ್ಟು ದೊಡ್ಡದು ಎಂಬ ಎಚ್ಚರ ಬರುತ್ತದೆ. ಆ ಶಿಲ್ಪಿಗೂ ಗುಟ್ಟು ಗೊತ್ತಿತ್ತು: ಬಲವನ್ನು ತೋರಿಸಲು ಅದರ ಬಾಯಿಗೆ ಸಿಕ್ಕಿದ್ದನ್ನು ತೋರಿಸಬೇಕು. ಆದರೆ ತೋಪು ದೊರೆಯ ಆಸ್ತಿ. ಅದರ ಚಿತ್ರ ಹೆದರಿಸುವುದಕ್ಕೆ ಮಾಡಿದ್ದು, ಅಲ್ಲಿಗೇ ನಿಲ್ಲುತ್ತದೆ. ಆನೆಯ ಮಾತೇನು ಎಂದು ತೋಪು ಕೇಳುವುದಿಲ್ಲ. ಕೇಳುವ ಕೆಲಸವನ್ನು ಹೊತ್ತದ್ದು ಜನರ ಆಟ.

ಉತ್ತರ ಕರ್ನಾಟಕದ ದೊಡ್ಡಾಟ ನೋಡಿದವರಿಗೆ ಪಾತ್ರ ಪ್ರವೇಶದ ಸೊಗಸು ಗೊತ್ತು. ತಲೆಯ ಮೇಲೆ ಕಿರೀಟ, ಹೆಗಲಿಗೆ ಭುಜಕೀರ್ತಿ, ಎದೆಗೆ ಎದೆಕಟ್ಟು ಹಾಕಿಕೊಂಡ ದೊರೆ ಅಟ್ಟ ನಡುಗುವಂತೆ ಹೆಜ್ಜೆ ಹಾಕುತ್ತ ಬರುತ್ತಾನೆ. ಮೊಬೈಲಿನ ಕೋಟ್ಯಧಿಪತಿ ಕಾರಿಳಿಯುವುದಕ್ಕೂ ಇದಕ್ಕೂ ಇಲ್ಲಿಯವರೆಗೆ ವ್ಯತ್ಯಾಸವಿಲ್ಲ. ಆದರೆ ಅಟ್ಟದ ಮೇಲೆ ಮುಂದಕ್ಕೆ ಬರುವವನು ಸಾರಥಿ. ವೇಷ ಸಾಧಾರಣ, ಮಾತು ಚುರುಕು. ಅವನು ದೊರೆಯ ಎದುರು ನಿಂತು, ನೀವು ಯಾರು, ಯಾವ ಊರಿಗೆ ಒಡೆಯರು, ಇಲ್ಲಿಗೆ ಬಂದ ಕಾರಣವೇನು ಎಂದು ಕೇಳುತ್ತಾನೆ. ಮೂರು ಲೋಕ ಗೆದ್ದವನೂ ನಿಂತು ಉತ್ತರ ಕೊಡಬೇಕು. ಹೆಸರು ಹೇಳಬೇಕು, ಪರಾಕ್ರಮ ವರ್ಣಿಸಿಕೊಳ್ಳಬೇಕು. ಸಾರಥಿ ಹೂಂಗುಟ್ಟಿದ ಮೇಲೆಯೇ ಆ ದೊರೆತನ ಸಭೆಗೆ ಒಪ್ಪಿತವಾಗುತ್ತದೆ.

ಇದನ್ನು ನಾವು ಬರೀ ಪರಿಚಯದ ಕ್ರಮ ಎಂದು ದಾಟಿಹೋಗಿದ್ದೇವೆ. ಅದು ಅಷ್ಟು ಸಣ್ಣದಲ್ಲ. ಒಂದು ಕಡೆ ಐದಾರು ಸೇರು ತೂಗುವ ಆಭರಣ, ಇನ್ನೊಂದು ಕಡೆ ಹೆಗಲ ಮೇಲೊಂದು ವಸ್ತ್ರ. ಒಬ್ಬ ಮೈ ಅಗಲಿಸಿ ನಿಂತಿದ್ದಾನೆ, ಇನ್ನೊಬ್ಬ ಸಡಿಲವಾಗಿ ಓಡಾಡುತ್ತಾನೆ. ಪ್ರಶ್ನೆ ಸಡಿಲ ಮೈಯವನದು, ಉತ್ತರ ಬಿಗಿದ ಮೈಯವನದು. ಅಧಿಕಾರದ ವೈಭವವನ್ನು ಪೂರ್ತಿ ತೋರಿಸುತ್ತಲೇ, ಅದು ಲೆಕ್ಕ ಒಪ್ಪಿಸಬೇಕಾದ ವಸ್ತು ಎಂದು ಅದೇ ಚಿತ್ರದಲ್ಲಿ ಹೇಳುವ ಉಪಾಯವಿದು. ಅಕ್ಷರ ಬಾರದ ಹಳ್ಳಿಯ ಸಭೆ ಬೆಳಗಿನವರೆಗೆ ಕುಂತು ಈ ಪಾಠವನ್ನು ತಲೆಮಾರುಗಟ್ಟಲೆ ನೋಡಿದೆ.

ಅಟ್ಟ ನಡುಗಿಸುವ ದೊರೆಯ ಹೆಜ್ಜೆಯ ವಿಷಯ ಮೇಲೆ ಬಂತು. ಭರತನ ನಾಟ್ಯಶಾಸ್ತ್ರದಲ್ಲಿ ನಡಿಗೆಗೂ ಅಳತೆ ಉಂಟು. ದೇವರು, ಅರಸರ ಪಾತ್ರ ಎರಡು ಪಾದಗಳ ನಡುವೆ ನಾಲ್ಕು ತಾಲ, ಅಂದರೆ ನಾಲ್ಕು ಗೇಣು, ಅಂತರವಿಟ್ಟು ನಡೆಯಬೇಕು, ನಡುವಿನ ಅಂತಸ್ತಿನವರು ಎರಡು ತಾಲ, ಕೆಳಗಿನವರು ಒಂದು ತಾಲ. ನೆಲವನ್ನು ಎಷ್ಟು ಅಗಲ ಆಕ್ರಮಿಸುತ್ತೀಯೋ ಅಷ್ಟು ದೊಡ್ಡವನು ನೀನು ಎಂಬ ಕಟು ಸತ್ಯವನ್ನು ಆ ಶಾಸ್ತ್ರ ಮುಚ್ಚುಮರೆಯಿಲ್ಲದೆ ಲೆಕ್ಕವಾಗಿ ಬರೆದಿಟ್ಟಿದೆ. ಈ ಗ್ರಂಥವನ್ನು ಕನ್ನಡಕ್ಕೆ ತಂದವರು ನಮ್ಮ ಜಿಲ್ಲೆಯ ಅಗರಖೇಡದಲ್ಲಿ 1904ರಲ್ಲಿ ಹುಟ್ಟಿದ ಆದ್ಯ ರಂಗಾಚಾರ್ಯರು, ನಾಡಿಗೆ ಶ್ರೀರಂಗ. ಸಂಸ್ಕೃತದ ಪ್ರಾಧ್ಯಾಪಕರಾಗಿದ್ದ ಅವರು ಹತ್ತಾರು ನಾಟಕ, ಅದಕ್ಕೂ ಮಿಗಿಲಾಗಿ ಏಕಾಂಕಗಳನ್ನು ಬರೆದರು. ಕಂಪನಿ ನಾಟಕಗಳ ದರ್ಬಾರು ಪರದೆಗಳು ಜನರ ಕಣ್ಣು ತುಂಬಿದ್ದ ಕಾಲದಲ್ಲಿ ಹವ್ಯಾಸಿಗಳ ಸಣ್ಣ ರಂಗಕ್ಕೆ, ಸಣ್ಣ ನಾಟಕಕ್ಕೆ ದುಡಿದರು. ದರ್ಬಾರನ್ನು ಪರದೆಯ ಮೇಲೆ ಬರೆಸಿ ತೂಗುಬಿಟ್ಟರೆ ನಟ ಅದರ ಮುಂದೆ ಸುಮ್ಮನೆ ನಿಂತರೂ ನಡೆಯುತ್ತದೆ. ಒಂದು ಕುರ್ಚಿ, ಇಬ್ಬರು ಮನುಷ್ಯರು ಇರುವ ಏಕಾಂಕದಲ್ಲಿ ಹಾಗಾಗುವುದಿಲ್ಲ. ಯಾರು ಕುಂತರು, ಯಾರು ನಿಂತೇ ಇದ್ದರು, ಕುರ್ಚಿ ಇದ್ದೂ ಯಾರು ಕೂರಲಿಲ್ಲ ಎಂಬುದೇ ಅಲ್ಲಿ ಕತೆಯಾಗುತ್ತದೆ. ಏಕಾಂಕವನ್ನು ಗಿಡ್ಡ ನಾಟಕದ ಮುತ್ತಜ್ಜ ಎಂದು ನಾನು ಕರೆಯುವುದು ಇದಕ್ಕೇ.

ಅಟ್ಟದ ಮೇಲಿನ ಇನ್ನೊಂದು ಆಟ ಶ್ರೀಕೃಷ್ಣ ಪಾರಿಜಾತ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯ ಜಾತ್ರೆಗಳಿಗೆ ಇದು ಅಚ್ಚುಮೆಚ್ಚು. ಲೋಕದ ಒಡೆಯನಾದ ಕೃಷ್ಣ ಮುನಿದು ಕುಂತ ಸತ್ಯಭಾಮೆಯನ್ನು ಓಲೈಸುತ್ತ ನಿಲ್ಲುತ್ತಾನೆ. ಭಾಗವತನೇ ದೂತಿಯಾಗಿ ನಡುವೆ ಬಂದು ದೇವರನ್ನೂ ಬಿಡದೆ ಮಾತಿನಲ್ಲಿ ಹಣಿಯುತ್ತಾನೆ. ನಾನು ನೋಡಿದ ಒಂದು ಆಟದಲ್ಲಿ ಭಾಮೆ ಮಾಡಿದ ಕೆಲಸ ಇಷ್ಟೇ: ಕೃಷ್ಣನ ಕಡೆ ಬೆನ್ನು ತಿರುಗಿಸಿ, ಸಭೆಯ ಕಡೆ ಮುಖ ಮಾಡಿ ಕುಂತಳು. ಕೃಷ್ಣನ ಕಿರೀಟ, ನವಿಲುಗರಿ ಎಲ್ಲ ಅವಳ ಹಿಂದೆ ಉಳಿದವು. ಅವನು ಎಡಕ್ಕೆ ಬಂದರೆ ಅವಳು ಬಲಕ್ಕೆ. ಹಾಡು ಮುಗಿಯುವವರೆಗೆ ಅವಳ ಮುಖ ನಮಗಷ್ಟೇ ಕಂಡಿತು, ಅವನಿಗೆ ಕಾಣಲಿಲ್ಲ. ನಾನು ಕುಂತ ಕಡೆಯ ಹೆಣ್ಣುಮಕ್ಕಳು ಸೆರಗು ಬಾಯಿಗಿಟ್ಟು ನಕ್ಕ ಆ ನಗುವಿನಲ್ಲಿ ಎಷ್ಟು ಮನೆಗಳ ಕತೆ ಇತ್ತೋ. ಒಂದು ಬೆನ್ನು ತಿರುಗಿಸುವುದರಿಂದ ಮೂರು ಲೋಕದ ಒಡೆತನ ಒಂದು ಗಳಿಗೆ ಕೈ ಬದಲಾಯಿಸಿತು. ಅವಳು ಇದಕ್ಕಾಗಿ ಯಾರಿಗೂ ಹೊಡೆಯಬೇಕಾಗಲಿಲ್ಲ. ಗುಟ್ಟಾಗಿ ಕೋಟ್ಯಧಿಪತಿಯ ಮಗಳಾಗಬೇಕಾಗಲಿಲ್ಲ.

ಊರ ಸಂಸಾರದ ಕತೆ ಹೇಳುವ ಸಣ್ಣಾಟಕ್ಕೆ ಬಂದರೆ ದೇವರೂ ಇಲ್ಲ, ಕಿರೀಟವೂ ಇಲ್ಲ. ಬೈಲಹೊಂಗಲ ಸೀಮೆಯ ಸಂಗ್ಯಾ ಬಾಳ್ಯಾದಲ್ಲಿ ಇರುವುದು ಪಟಕಾ, ಧೋತ್ರ, ಇಳಕಲ್ ಸೀರೆ. ಹಣವಂತ ಸಂಗ್ಯಾ, ಅವನ ಗೆಳೆಯ ಬಾಳ್ಯಾ, ಜಾತ್ರೆಯಲ್ಲಿ ಕಣ್ಣಿಗೆ ಬಿದ್ದ ಗಂಗಿ, ಅವಳ ಗಂಡ ಈರ್ಯಾ. ಆಸೆ, ಹಣ, ನಂಬಿಕೆದ್ರೋಹ, ಕೊಲೆ. ಇಲ್ಲಿ ಅಧಿಕಾರ ಎಂದರೆ ದುಡ್ಡು. ಆ ದುಡ್ಡು ಯಾರ ಬೆನ್ನ ಹಿಂದೆ ಯಾರನ್ನು ನಡೆಸುತ್ತದೆ ಎಂಬುದನ್ನು ಕಲಾವಿದರು ನಿಂತ ಜಾಗದಿಂದಲೇ ಹೇಳಬಲ್ಲರು. ಗೆಳೆತನದ ಹಾಡಿನಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಂತ ಬಾಳ್ಯಾ ಆಟ ಸಾಗಿದಂತೆ ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ ಹೋದರೆ, ಕೊನೆಗೆ ಅವನು ಸಂಗ್ಯಾನನ್ನು ಒಪ್ಪಿಸಿಕೊಡುವಾಗ ನಮಗೆ ದಿಗಿಲಾಗುತ್ತದೆ, ಆಶ್ಚರ್ಯವಾಗುವುದಿಲ್ಲ. ಆ ದೂರ ಬೆಳೆಯುತ್ತ ಬಂದಿದ್ದನ್ನು ಕಣ್ಣು ಆಗಲೇ ನೋಡಿರುತ್ತದೆ.

ಇದೇ ಜಾನಪದ ರಂಗದ ಕಸುವು ಹೀರಿಕೊಂಡು ಚಂದ್ರಶೇಖರ ಕಂಬಾರರು ಬರೆದ 'ಜೋಕುಮಾರಸ್ವಾಮಿ' 1972ರಲ್ಲಿ ಬಿ.ವಿ. ಕಾರಂತರ ನಿರ್ದೇಶನದಲ್ಲಿ ರಂಗಕ್ಕೆ ಬಂತು. ಅದರ ಗೌಡನ ಕೈಯಲ್ಲಿ ಬಂದೂಕು ಇದೆ, ಊರಿನ ಹೊಲ ಇದೆ, ಮನೆಯಲ್ಲಿ ಮಗುವಿಲ್ಲ. ಬಂದೂಕನ್ನು ನೋಡಿದಷ್ಟೂ ಅವನ ಬರಿದುತನ ನೆನಪಾಗುತ್ತದೆ. ಹೆದರಿಸುವ ವಸ್ತುವೇ ಹೆದರಿಕೆಯ ಗುರುತೂ ಆಗುವಂತೆ ಮಾಡಿದ್ದು ಕಂಬಾರರ ದೊಡ್ಡ ಗೆಲುವು. ಮೊಬೈಲಿನ ನಾಟಕದಲ್ಲಿ ಕಾರು ಕಾರೇ, ಕೋಟು ಕೋಟೇ. ಒಂದು ವಸ್ತುವಿಗೆ ಎರಡನೆಯ ಅರ್ಥ ಹುಟ್ಟುವಷ್ಟು ಹೊತ್ತು ಅದು ಕಣ್ಣ ಮುಂದೆ ನಿಲ್ಲುವುದೇ ಇಲ್ಲ.

ಹೊತ್ತು ಸಾಲದು ಎಂಬ ನೆಪ ನಡೆಯದು ಎಂದು ತೋರಿಸಿಕೊಟ್ಟಿದ್ದು ಬೀದಿನಾಟಕ. 1977ರ ಮೇ ತಿಂಗಳಲ್ಲಿ ಬಿಹಾರದ ಬೆಲ್ಚಿಯಲ್ಲಿ 11 ಜನರನ್ನು ಕೊಂದು ಸುಟ್ಟರು. ಸತ್ತವರಲ್ಲಿ ಹೆಚ್ಚಿನವರು ದಲಿತರು. ಆ ಆಗಸ್ಟಿನಲ್ಲಿ, ಚುನಾವಣೆ ಸೋತಿದ್ದ ಇಂದಿರಾ ಗಾಂಧಿ ಮಳೆಗಾಲದ ಕೆಸರು ದಾಟಿ ಆನೆಯ ಮೇಲೆ ಕುಂತು ಆ ಊರಿಗೆ ಹೋದರು. ಆನೆಯ ಮೇಲಿನ ಆ ಚಿತ್ರ ದೇಶದ ರಾಜಕೀಯದಲ್ಲಿ ಅಚ್ಚಾಗಿ ಉಳಿಯಿತು. ಕರ್ನಾಟಕದಲ್ಲಿ 1975ರಲ್ಲಿ ಹುಟ್ಟಿದ್ದ ಸಮುದಾಯ ತಂಡ ಅದೇ ಬೆಲ್ಚಿಯನ್ನು ಸಿ.ಜಿ. ಕೃಷ್ಣಸ್ವಾಮಿಯವರ ನಿರ್ದೇಶನದಲ್ಲಿ ಬೀದಿಗೆ ತಂದಿತು. ಆನೆ ಎತ್ತರದಿಂದ ತೋರಿಸಿದ ಊರನ್ನು ಬೀದಿನಾಟಕ ನೆಲದ ಮಟ್ಟದಿಂದ ತೋರಿಸಿತು. ಬೀದಿನಾಟಕಕ್ಕೆ ಸಿಂಹಾಸನವಿಲ್ಲ, ಪರದೆಯಿಲ್ಲ, ದೀಪದ ಬೆಡಗಿಲ್ಲ. ಸುತ್ತ ನಿಂತ ಜನರ ನಡುವೆ ನಟರ ಮೈಗಳೇ ಜಮೀನ್ದಾರನ ಕುರ್ಚಿಯಾಗಬೇಕು, ಬಾಗಿಲಾಗಬೇಕು, ಬೆಂಕಿಯಾಗಬೇಕು. ಕುರ್ಚಿಯಾಗಿ ಬಾಗಿದ ನಟನ ಬೆನ್ನು ನೋಡುವಾಗ, ಯಾರ ಬೆನ್ನ ಮೇಲೆ ಯಾರು ಕುಂತಿದ್ದಾರೆ ಎಂದು ಬಿಡಿಸಿ ಹೇಳುವುದು ಬೇಕಾಗುವುದಿಲ್ಲ. ಗಿಡ್ಡದಾಗಿಯೂ ಗಹನವಾಗಿರಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಾಗಾದರೆ ಮೊಬೈಲಿನ ನಾಟಕ ಎಡವುತ್ತಿರುವುದು ಎಲ್ಲಿ? ಮೊದಲ ಎಡವು ಚೌಕಟ್ಟಿನದು. ಉದ್ದಕ್ಕೆ ನಿಂತ ಆ ಕಿರಿದಾದ ಕಿಟಕಿಯಲ್ಲಿ ಇಬ್ಬರು ಅಕ್ಕಪಕ್ಕ ಮೈತುಂಬ ನಿಲ್ಲುವುದು ಕಷ್ಟ. ಅದಕ್ಕೆ ಒಂದು ಸಲಕ್ಕೆ ಒಂದು ಮುಖ. ಇವನ ಮುಖ, ಅವಳ ಮುಖ, ಮತ್ತೆ ಇವನ ಮುಖ. ಮುಖ ತುಂಬಿದ ಪರದೆಯಲ್ಲಿ ಇಬ್ಬರ ನಡುವಿನ ದೂರ ಕಳೆದುಹೋಗುತ್ತದೆ. ಅಧಿಕಾರ ವಾಸಿಸುವುದು ಆ ದೂರದಲ್ಲೇ: ಕಟ್ಟೆಗೂ ಅಂಗಳಕ್ಕೂ ನಡುವಿನ ಆರು ಮೊಳದಲ್ಲಿ, ಬಾಗಿಲಿಗೂ ಹೊಸ್ತಿಲ ಹೊರಗೆ ನಿಂತವನಿಗೂ ನಡುವಿನ ನೆಲದಲ್ಲಿ. ಆ ನೆಲ ಕಾಣದಿದ್ದರೆ ದರ್ಪ ಬರೀ ಒಬ್ಬ ಕೆಟ್ಟ ಮನುಷ್ಯನ ಸಿಟ್ಟಾಗಿ ಉಳಿಯುತ್ತದೆ. ಅದರ ಹಿಂದಿನ ಹೊಲ, ಸಾಲ, ಜಾತಿ, ನೀರಿನ ಲೆಕ್ಕ ಕಾಣುವುದಿಲ್ಲ.

ಎರಡನೆಯದು ಇನ್ನೂ ಆಳದ ಎಡವು. ಈ ನಾಟಕಗಳಲ್ಲಿ ಹೊಡೆತ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ವರ್ಗವಾಗುತ್ತದೆ, ಹೊಡೆಯುವ ಹಕ್ಕು ಮಾತ್ರ ಹಾಗೇ ಉಳಿಯುತ್ತದೆ. ಸೊಸೆ ಗೆಲ್ಲುವುದು ಅವಳು ಮನುಷ್ಯಳು ಎಂಬ ಕಾರಣಕ್ಕಲ್ಲ, ಹುಟ್ಟಿನಿಂದ ಸಿರಿವಂತೆ ಎಂಬ ಗುಟ್ಟು ಹೊರಬಿದ್ದ ಕಾರಣಕ್ಕೆ. ನಿಜವಾಗಿ ಬಡವಳೇ ಆಗಿದ್ದರೆ ಬೆರಳು ತುಳಿದದ್ದು ಸರಿಯಾಗುತ್ತಿತ್ತೇ? ಈ ಪ್ರಶ್ನೆಯನ್ನು ಕತೆ ಒಮ್ಮೆಯೂ ಕೇಳುವುದಿಲ್ಲ, ಕೇಳುವ ಪಾತ್ರವನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅಟ್ಟದ ಮೇಲೆ ದೊರೆಯನ್ನು ನಿಲ್ಲಿಸಿ ನೀನು ಯಾರು ಎಂದವನು ಇಲ್ಲಿ ಕಾಣೆಯಾಗಿದ್ದಾನೆ. ಇದು ಸಾರಥಿಯಿಲ್ಲದ ಆಟ.

ಶೆಡ್ಡಿನ ಹೆಣ್ಣುಮಕ್ಕಳು ಇದನ್ನು ಮೆಚ್ಚುವುದರಲ್ಲಿ ತಪ್ಪು ಹುಡುಕುವವನು ನಾನಲ್ಲ. ದಿನವಿಡೀ ಬಗ್ಗಿ ದುಡಿದವರಿಗೆ ತುಳಿದವಳು ಮೊಣಕಾಲೂರುವ ಚಿತ್ರ ಒಂದು ಗುಟುಕು ತಂಪು ನೀರು. ಆ ಬಾಯಾರಿಕೆ ದಿಟವಾದದ್ದು. ಅದಕ್ಕೆ ಇನ್ನೂ ಒಳ್ಳೆಯ ನೀರು ಕೊಡಬೇಕಾದದ್ದು ನಾಟಕ ಮಾಡುವವರ ಹೊಣೆ.

ಆ ಹೊಣೆ ಹೊರಬಲ್ಲವರು ಈಗ ಇಲ್ಲೇ ಇದ್ದಾರೆ. ವಿಜಯಪುರ, ತಿಕೋಟಾ, ಬಬಲೇಶ್ವರದ ಹುಡುಗರು ಹುಡುಗಿಯರು ಫೋನಿನಲ್ಲೇ ಕಿರುನಾಟಕ ತೆಗೆದು ಯೂಟ್ಯೂಬಿಗೆ ಹಾಕುತ್ತಿದ್ದಾರೆ. ಹೆಚ್ಚಿನವು ನಗೆಯಾಟ. ಭಾಷೆ ನಮ್ಮದು, ಮನೆಯ ಕಟ್ಟೆ ನಮ್ಮದು, ಹೊಲ ನಮ್ಮದು. ಬಂಗಲೆಯೂ ಕರಿ ಕೋಟೂ ಇಲ್ಲದಿರುವುದು ಇವರ ಕೊರತೆಯಲ್ಲ, ಅದೇ ಇವರ ಆಸ್ತಿ. ಉದ್ದಕ್ಕೆ ನಿಂತ ಚೌಕಟ್ಟು ಎತ್ತರ ತಗ್ಗನ್ನು ತೋರಿಸಲು ಹೇಳಿ ಮಾಡಿಸಿದ್ದು. ವಾಡೆಯ ಮೆಟ್ಟಿಲ ಮೇಲೊಬ್ಬ, ಕೆಳಗೊಬ್ಬಳು ಎಂದು ಮೇಲಿಂದ ಕೆಳಗಿನವರೆಗೆ ಒಂದೇ ಚಿತ್ರದಲ್ಲಿ ಹಿಡಿಯಬಹುದು. ನೀರಿನ ಟ್ಯಾಂಕರಿನ ಮೇಲೆ ಪೈಪು ಹಿಡಿದು ನಿಂತವನನ್ನೂ ಕೆಳಗೆ ಕೊಡ ಎತ್ತಿ ಹಿಡಿದ ಹತ್ತು ಕೈಗಳನ್ನೂ ಒಟ್ಟಿಗೆ ತೋರಿಸಬಹುದು. ಒಣದ್ರಾಕ್ಷಿಯ ಹರಾಜಿನಲ್ಲಿ ವ್ಯಾಪಾರಿ ಒಂದು ಹಿಡಿ ತೆಗೆದು ನೋಡಿ ಮತ್ತೆ ಕೆಳಗೆ ಸುರಿಯುವಾಗ ರೈತನ ಕಣ್ಣು ಎಲ್ಲಿರುತ್ತದೆ ಎಂದು ಇಪ್ಪತ್ತು ಸೆಕೆಂಡು ಕತ್ತರಿಸದೆ ಹಿಡಿದರೆ, ಬೆಲೆ ಯಾರ ಕೈಯಲ್ಲಿದೆ ಎಂಬುದಕ್ಕೆ ಒಂದು ಮಾತೂ ಬೇಕಿಲ್ಲ.

ನನ್ನ ತೀರ್ಪು ಇಷ್ಟು. ಕಣ್ಣಿಗೆ ಬಲವನ್ನು ಕಾಣಿಸುವ ಚಾತುರ್ಯದಲ್ಲಿ ಮೊಬೈಲಿನ ಗಿಡ್ಡ ನಾಟಕ ಪಳಗಿದೆ, ಅದರಿಂದ ಕಲಿಯಬೇಕಾದದ್ದಿದೆ. ಆದರೆ ಬಲವನ್ನು ತೋರಿಸಿ ಅಲ್ಲಿಗೇ ನಿಲ್ಲುವ ಚಿತ್ರ ಷೇರ್ಜಾ ಬುರ್ಜಿನ ತೋಪಿನ ಬಾಯಿಗೆ ಸಮ. ಆಟವಾಗಬೇಕಾದರೆ ಆ ಬಾಯಿಯ ಎದುರು ನಿಂತು ಕೇಳುವ ಒಂದು ಮೈ ಬೇಕು. ನಮ್ಮ ಕಡೆಯ ಎಳೆಯರಲ್ಲಿ ನನ್ನ ಬೇಡಿಕೆಯೂ ಒಂದೇ: ನೀವು ತೆಗೆಯುವ ಮುಂದಿನ ಒಂದೂವರೆ ನಿಮಿಷದಲ್ಲಿ ದೊರೆ ಬರಲಿ, ಗತ್ತಿನಿಂದಲೇ ಬರಲಿ. ಅವನ ಎದುರಿಗೆ ಹೆಗಲ ಮೇಲೆ ವಸ್ತ್ರ ಹಾಕಿಕೊಂಡ ಒಬ್ಬ ಸಾರಥಿಯನ್ನೂ ನಿಲ್ಲಿಸಿರಿ.